ಎರಡು ಚೀಟಿ, ಒಂದು ಹೊಟ್ಟೆ: ಸ್ಟೀರಾಯ್ಡ್ ಜೊತೆಗೆ ನೋವಿನ ಮಾತ್ರೆ ಸೇರಿದಾಗ

ನಮ್ಮ ದೊಡ್ಡಮ್ಮ ತಮ್ಮ ಔಷಧಗಳನ್ನೆಲ್ಲ ಬಟ್ಟೆ ಅಂಗಡಿಯವರು ಕೊಟ್ಟ ಹಳೆಯ ಕೈಚೀಲವೊಂದರಲ್ಲಿ ಇಟ್ಟುಕೊಂಡಿರುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಆ ಚೀಲವನ್ನು ಚಾಪೆಯ ಮೇಲೆ ಸುರಿದು, ಒಂದೊಂದೇ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತಾ ಕುಳಿತೆ. ರುಮಟಾಯ್ಡ್ ಸಂಧಿವಾತಕ್ಕೆಂದು ಕೀಲುರೋಗ ತಜ್ಞರು ಬರೆದುಕೊಟ್ಟ ಪ್ರೆಡ್ನಿಸೋಲೋನ್ ಇತ್ತು. ಹೃದಯದ ವೈದ್ಯರು ಬರೆದ 75 ಮಿ.ಗ್ರಾಂ ಆಸ್ಪಿರಿನ್ ಇತ್ತು. ಜ್ವರ ಬಂದು ಮೈಕೈ ಹಿಡಿದುಕೊಂಡಾಗ ಬಡಾವಣೆಯ ಕ್ಲಿನಿಕ್ಕಿನಲ್ಲಿ ಕೊಟ್ಟ ಎಸಿಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಕೂಡಿದ ಮಾತ್ರೆ ಇತ್ತು. ಅದು ಮುಗಿದ ಮೇಲೆ ಖಾಲಿ ಪಟ್ಟಿ ತೋರಿಸಿ ಔಷಧದಂಗಡಿಯಿಂದ ತಂದ, ಬೇರೆ ಹೆಸರಿನ, ಒಳಗೆ ಅದೇ ಔಷಧವಿರುವ ಇನ್ನೊಂದು ಪಟ್ಟಿಯೂ ಇತ್ತು. ಬರೆದುಕೊಟ್ಟ ಮೂವರು ವೈದ್ಯರಲ್ಲಿ ಯಾರೂ ತಪ್ಪು ಮಾಡಿದ್ದರೆಂದು ಹೇಳಲಾರೆ. ಆದರೆ ಆ ಚೀಲವನ್ನು ಇಡಿಯಾಗಿ ನೋಡಿದವರು ಒಬ್ಬರೂ ಇರಲಿಲ್ಲ. ನಾನು ಗಾಬರಿಯಾದದ್ದನ್ನು ಕಂಡು ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಹೊಟ್ಟೆನೋವೇ ಇಲ್ವಲ್ಲ ಮಗಾ, ಮತ್ತೆ ಯಾಕೆ ಭಯ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಎರಡು ಬಗೆಯ ಔಷಧಗಳು ಹೊಟ್ಟೆಯೊಳಗೆ ಏನು ಮಾಡುತ್ತವೆ ಎಂಬುದನ್ನು ನೋಡಬೇಕು. ಮೊದಲನೆಯದು ಡೈಕ್ಲೋಫೆನಾಕ್, ಐಬುಪ್ರೊಫೆನ್, ಎಸಿಕ್ಲೋಫೆನಾಕ್, ನ್ಯಾಪ್ರಾಕ್ಸೆನ್, ನಿಮೆಸುಲೈಡ್, ಮೆಫೆನಾಮಿಕ್ ಆಮ್ಲ ಮುಂತಾದ ನೋವಿನ ಮಾತ್ರೆಗಳ ಗುಂಪು. ಇವು ನೋವಿನ ಜೊತೆಗೆ ಊತ, ಉರಿಯೂತಗಳನ್ನೂ ತಗ್ಗಿಸುತ್ತವೆ. ಎರಡನೆಯದು ಪ್ರೆಡ್ನಿಸೋಲೋನ್, ಮೀಥೈಲ್‌ಪ್ರೆಡ್ನಿಸೋಲೋನ್, ಡೆಫ್ಲಜಾಕಾರ್ಟ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಮುಂತಾದ ಸ್ಟೀರಾಯ್ಡುಗಳ ಗುಂಪು. ಇವೂ ಉರಿಯೂತವನ್ನೇ ತಗ್ಗಿಸುತ್ತವೆ, ಆದರೆ ಬೇರೆ ದಾರಿಯಲ್ಲಿ ಮತ್ತು ಹೆಚ್ಚು ಬಲವಾಗಿ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅವರು ಸಂಧಿವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟಾಗ ಹಾಸಿಗೆ ಹಿಡಿದಿದ್ದವರು ಕೆಲವೇ ದಿನಗಳಲ್ಲಿ ಎದ್ದು ನಡೆದರು. ಎರಡೇ ವರ್ಷಗಳಲ್ಲಿ, 1950ರಲ್ಲಿ, ಆ ಕೆಲಸಕ್ಕೆ ನೊಬೆಲ್ ಬಹುಮಾನ ಬಂತು. ಹೊಟ್ಟೆಯ ಹುಣ್ಣಿನ ಪ್ರಶ್ನೆ ಅದರ ಬೆನ್ನಿಗೇ ಬಂತು.

ಡೋಲೋ, ಕ್ರೋಸಿನ್ ಮುಂತಾದ ಹೆಸರುಗಳಲ್ಲಿ ಮನೆಮನೆಯಲ್ಲೂ ಇರುವ ಪ್ಯಾರಸಿಟಮಾಲ್ ಈ ನೋವಿನ ಮಾತ್ರೆಗಳ ಗುಂಪಿಗೆ ಸೇರಿದ್ದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಬರುವ ಮಾತೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ. ಪ್ಯಾರಸಿಟಮಾಲ್ ಜ್ವರ, ನೋವುಗಳಿಗೆ ಆಗುತ್ತದೆ. ಹೇಳಿದ ಪ್ರಮಾಣ ಮೀರಿದರೆ ಅದರ ಅಪಾಯ ಯಕೃತ್ತಿಗೆ. ಹೊಟ್ಟೆಯ ಗೋಡೆಯನ್ನು ಅದು ಡೈಕ್ಲೋಫೆನಾಕ್‌ನಂತೆ ಕೆಡಿಸುವುದಿಲ್ಲ. ತೊಡಕೆಂದರೆ, ನಮ್ಮಲ್ಲಿ ಮಾರಾಟವಾಗುವ ಅನೇಕ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಜೊತೆಗೆ ಐಬುಪ್ರೊಫೆನ್ನೋ ಎಸಿಕ್ಲೋಫೆನಾಕೋ ಸೇರಿಕೊಂಡಿರುತ್ತದೆ, ತೆಗೆದುಕೊಳ್ಳುವವರು ಅದನ್ನು ಬರಿಯ "ಜ್ವರದ ಮಾತ್ರೆ" ಎಂದೇ ಭಾವಿಸಿರುತ್ತಾರೆ.

ನಮ್ಮ ಜಠರದೊಳಗಿನ ಆಮ್ಲ ಮಾಂಸವನ್ನು ಕರಗಿಸುವಷ್ಟು ತೀಕ್ಷ್ಣವಾದದ್ದು. ಹಾಗಿದ್ದೂ ಅದು ಜಠರವನ್ನೇ ಕರಗಿಸದೆ ಇರುವುದಕ್ಕೆ ಕಾರಣ ಒಳಗೋಡೆಯ ಮೇಲಿರುವ ಲೋಳೆಯ ಪದರ, ಅದರಡಿಯಲ್ಲಿ ಸ್ರವಿಸುವ ಕ್ಷಾರ, ಮತ್ತು ಆ ಗೋಡೆಗೆ ಎಡೆಬಿಡದೆ ಹರಿದುಬರುವ ರಕ್ತ. ಈ ಮೂರನ್ನೂ ಕಾಯುವುದು ದೇಹವೇ ತಯಾರಿಸಿಕೊಳ್ಳುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು. ಕೀಲು ಊದಿಕೊಂಡಾಗ ನೋವನ್ನು ಹೆಚ್ಚಿಸುವುದೂ ಇದೇ ಕುಲದ ರಾಸಾಯನಿಕಗಳೇ. ಆಸ್ಪಿರಿನ್ ಜಾತಿಯ ಔಷಧಗಳು ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತವೆ ಎಂದು 1971ರಲ್ಲಿ ಬ್ರಿಟನ್ನಿನ ಜಾನ್ ವೇನ್ ತೋರಿಸಿಕೊಟ್ಟರು. 1982ರ ನೊಬೆಲ್ ಅವರಿಗೂ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳಿಗೂ ಹಂಚಿಕೆಯಾಯಿತು. ಮಂಡಿಯ ನೋವನ್ನು ಇಳಿಸುವ ಕ್ರಿಯೆಯೇ ಜಠರದ ಕಾವಲನ್ನೂ ತೆಗೆಯುತ್ತದೆ ಎಂಬುದು ಅಲ್ಲಿಂದ ಮುಂದೆ ಸ್ಪಷ್ಟವಾಯಿತು. ಇದರ ಜೊತೆಗೆ ಈ ಮಾತ್ರೆಗಳು ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನೂ ತಗ್ಗಿಸುವುದರಿಂದ, ಹುಣ್ಣಿನಿಂದ ಒಮ್ಮೆ ರಕ್ತ ಸುರಿಯತೊಡಗಿದರೆ ಅದು ಬೇಗ ನಿಲ್ಲುವುದೂ ಇಲ್ಲ.

ಇನ್ನು ಸ್ಟೀರಾಯ್ಡ್. ಅದು ತಾನಾಗಿ ಹುಣ್ಣು ಮಾಡುತ್ತದೆಯೇ ಎಂಬ ಬಗ್ಗೆ ವೈದ್ಯಲೋಕ ದಶಕಗಳ ಕಾಲ ವಾದ ಮಾಡಿದೆ. 1976ರಲ್ಲಿ ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿದ ಒಂದು ವಿಮರ್ಶೆ ಅಂಥ ಸಂಬಂಧ ಕಾಣುವುದಿಲ್ಲ ಎಂದಿತು. 1983ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ವಿಮರ್ಶೆ ಸಂಬಂಧ ಇದೆ ಎಂದಿತು. ವಾದ ಹೀಗೆ ಹಿಂದೆ ಮುಂದೆ ತೂಗುತ್ತಿದ್ದುದಕ್ಕೆ ಒಂದು ದೊಡ್ಡ ಕಾರಣ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದ ರೋಗಿಗಳಲ್ಲಿ ಅನೇಕರು ಕೀಲುನೋವಿಗೆ ಇನ್ನೊಂದು ಮಾತ್ರೆಯನ್ನೂ ನುಂಗುತ್ತಿದ್ದುದು ಎಂದು ನನಗನ್ನಿಸುತ್ತದೆ. ಆ ಗಂಟನ್ನು ಬಿಡಿಸಿದ್ದು 1991ರಲ್ಲಿ ಅಮೆರಿಕದ ಟೆನೆಸಿ ರಾಜ್ಯದಿಂದ ಬಂದ ಅಧ್ಯಯನ. ಅಲ್ಲಿನ ಸರ್ಕಾರಿ ಆರೋಗ್ಯ ನೆರವಿನಡಿ ಇದ್ದ 65 ವರ್ಷ ಮೀರಿದವರಲ್ಲಿ, ಹುಣ್ಣು ಅಥವಾ ಜಠರದ ರಕ್ತಸ್ರಾವದಿಂದ ಆಸ್ಪತ್ರೆ ಸೇರಿದ 1,415 ಮಂದಿಯನ್ನು, ಹಾಗೆ ಸೇರದ 7,063 ಮಂದಿಯ ಜೊತೆಗೆ ಹೋಲಿಸಲಾಯಿತು. ಸ್ಟೀರಾಯ್ಡನ್ನು ಮಾತ್ರ ತೆಗೆದುಕೊಳ್ಳುತ್ತಿದ್ದವರ ಅಪಾಯ ಏನನ್ನೂ ತೆಗೆದುಕೊಳ್ಳದವರಿಗಿಂತ 1.1 ಪಟ್ಟು, ಅಂದರೆ ಹೆಚ್ಚುಕಡಿಮೆ ಅಷ್ಟೇ. ಅದೇ ಜನರ ಮೇಲೆ ಅದೇ ವರ್ಷ ಪ್ರಕಟವಾದ ಜೊತೆ ಅಧ್ಯಯನದಲ್ಲಿ ಉರಿಯೂತ ತಗ್ಗಿಸುವ ನೋವಿನ ಮಾತ್ರೆಯ ಅಪಾಯ ಸುಮಾರು 4 ಪಟ್ಟು ಎಂದು ಕಂಡಿತು. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದವರಲ್ಲಿ ಅದು ಸುಮಾರು 15 ಪಟ್ಟು.

ಒಂದಕ್ಕೆ ನಾಲ್ಕು ಕೂಡಿಸಿದರೆ ಹದಿನೈದು ಆಗುವುದಿಲ್ಲ. 2014ರಲ್ಲಿ ನೆದರ್ಲೆಂಡ್ಸ್, ಇಟಲಿ, ಡೆನ್ಮಾರ್ಕ್‌ಗಳ ವೈದ್ಯಕೀಯ ದಾಖಲೆಗಳಿಂದ ಜಠರ ರಕ್ತಸ್ರಾವದ 1,14,835 ರೋಗಿಗಳನ್ನು ಆಯ್ದು ಮಾಡಿದ ಇನ್ನೊಂದು ಅಧ್ಯಯನದಲ್ಲೂ ಇದೇ ಬಗೆಯ ಚಿತ್ರ ಸಿಕ್ಕಿತು: ಸಾಮಾನ್ಯ ನೋವಿನ ಮಾತ್ರೆಗಳಿಂದ 4.3 ಪಟ್ಟು, ಅವುಗಳ ಜೊತೆ ಸ್ಟೀರಾಯ್ಡ್ ಸೇರಿದಾಗ 12.8 ಪಟ್ಟು. ಅಂಕಿಗಳು ಸ್ವಲ್ಪ ಆಚೀಚೆ ಆದರೂ ದಿಕ್ಕು ಒಂದೇ.

ಇಷ್ಟು ಹೇಳಿ ನಿಲ್ಲಿಸಿದರೆ ಓದುಗರನ್ನು ಹೆದರಿಸಿದಂತಾಗುತ್ತದೆ. 15 ಪಟ್ಟು ಎಂದರೆ ನೂರರಲ್ಲಿ ಹದಿನೈದು ಜನಕ್ಕೆ ರಕ್ತಸ್ರಾವ ಆಗುತ್ತದೆ ಎಂದು ಅರ್ಥವಲ್ಲ. ಔಷಧವೇ ಇಲ್ಲದವರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರಿಗೆ ಹೀಗಾಗುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, ಎರಡೂ ಔಷಧಗಳನ್ನು ವರ್ಷವಿಡೀ ತೆಗೆದುಕೊಳ್ಳುವ ಸಾವಿರ ಜನರಲ್ಲಿ ಹದಿನೈದು ಮಂದಿಗೆ ಆಗಬಹುದು, ಉಳಿದ 985 ಮಂದಿಗೆ ಆಗುವುದಿಲ್ಲ. ಮೂವತ್ತು ವರ್ಷದ ಆರೋಗ್ಯವಂತ ಮೂರು ದಿನ ಎರಡನ್ನೂ ನುಂಗಿದ ಮಾತ್ರಕ್ಕೆ ಕಂಗೆಡಬೇಕಾಗಿಲ್ಲ. ಆದರೆ ವಯಸ್ಸು 65 ದಾಟಿದ್ದರೆ, ಹಿಂದೆ ಹುಣ್ಣಾಗಿದ್ದರೆ, ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದರೆ, ನೋವಿನ ಮಾತ್ರೆಯ ಪ್ರಮಾಣ ದೊಡ್ಡದಾಗಿದ್ದರೆ ಆ ತಳದ ಅಂಕಿಯೇ ಮೇಲೇರುತ್ತದೆ, ಅದರ ಮೇಲೆ ಈ ಪಟ್ಟುಗಳು ಕುಳಿತುಕೊಳ್ಳುತ್ತವೆ. ದೊಡ್ಡಮ್ಮನಂಥವರಲ್ಲಿ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇರುತ್ತವೆ.

ಒಂದು ಔಷಧ ತಾನು ಒಂಟಿಯಾಗಿದ್ದಾಗ ಹೆಚ್ಚೇನೂ ಮಾಡದೆ, ಇನ್ನೊಂದರ ಜೊತೆ ಸೇರಿದಾಗ ಇಷ್ಟು ಕೆಡುಕು ಮಾಡುವುದು ಹೇಗೆ? ಜಠರದ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುವಂಥದು. ಖಾರ, ಆಮ್ಲ, ಮಾತ್ರೆ, ಯಾವುದರಿಂದಲಾದರೂ ಅಲ್ಲಿ ಸಣ್ಣ ತರಚು ಆಗುತ್ತಲೇ ಇರುತ್ತದೆ, ಮಾಯುತ್ತಲೂ ಇರುತ್ತದೆ. ನೋವಿನ ಮಾತ್ರೆ ಈ ತರಚುಗಳನ್ನು ಹೆಚ್ಚಿಸುತ್ತದೆ. ಸ್ಟೀರಾಯ್ಡ್ ಮಾಯುವ ಕೆಲಸವನ್ನು ನಿಧಾನ ಮಾಡುತ್ತದೆ: ಹೊಸ ಕೋಶಗಳು ಗಾಯದ ಅಂಚಿನಿಂದ ಒಳಕ್ಕೆ ಹರಡುವುದು, ಹೊಸ ರಕ್ತನಾಳ ಚಿಗುರುವುದು, ಗಾಯವನ್ನು ಕಟ್ಟುವ ಕೊಲಾಜನ್ ತಯಾರಾಗುವುದು, ಎಲ್ಲವೂ ತಡವಾಗುತ್ತದೆ. ಹುಣ್ಣು ಮಾಯಲು ಬೇಕಾದ ಪ್ರೋಸ್ಟಗ್ಲಾಂಡಿನ್‌ಗಳನ್ನು ತಯಾರಿಸುವ ಕಿಣ್ವವೊಂದು ಗಾಯದ ಬಳಿ ಹುಟ್ಟಿಕೊಳ್ಳುವುದನ್ನೂ ಸ್ಟೀರಾಯ್ಡ್ ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ವಾರಗಟ್ಟಲೆ ಮಾಯದೆ ಕೂರುವುದನ್ನು ಕಂಡವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ವ್ಯತ್ಯಾಸವೆಂದರೆ ಈ ಗಾಯ ಕಣ್ಣಿಗೆ ಕಾಣುವ ಜಾಗದಲ್ಲಿಲ್ಲ, ಮತ್ತು ಅದರ ಮೇಲೆ ಹಗಲೂ ರಾತ್ರಿ ಆಮ್ಲ ಬೀಳುತ್ತಿರುತ್ತದೆ.

ದೊಡ್ಡಮ್ಮನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಹೊಟ್ಟೆಯಲ್ಲಿ ಹುಣ್ಣಾದರೆ ನೋವು ಬರಬೇಕು, ತೂತು ಬಿದ್ದರೆ ಹೊಟ್ಟೆ ಹಲಗೆಯಂತೆ ಬಿಗಿಯಬೇಕು, ಜ್ವರ ಬರಬೇಕು. ಇವೆಲ್ಲ ಉರಿಯೂತ ಕೊಡುವ ಎಚ್ಚರಿಕೆಗಳು. ಉರಿಯೂತವನ್ನೇ ಅಡಗಿಸುವ ಎರಡು ಔಷಧಗಳನ್ನು ಒಟ್ಟಿಗೆ ನುಂಗುವವರಲ್ಲಿ ಈ ಎಚ್ಚರಿಕೆ ಮಂಕಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ನೋವಿನ ಮಾತ್ರೆಗಳಿಂದ ಗಂಭೀರ ರಕ್ತಸ್ರಾವವಾದವರಲ್ಲಿ ಬಹಳಷ್ಟು ಮಂದಿಗೆ ಮೊದಲೇ ಹೊಟ್ಟೆಯ ಯಾವ ತೊಂದರೆಯೂ ಇರಲಿಲ್ಲವೆಂಬುದು ಹಳೆಯ ಅನುಭವ. ಸ್ಟೀರಾಯ್ಡ್ ನಡೆಯುತ್ತಿರುವವರಲ್ಲಿ ಕರುಳು ತೂತಾಗಿದ್ದರೂ ಹೊಟ್ಟೆ ಮೆತ್ತಗೇ ಇರಬಹುದು ಎಂದು ಶಸ್ತ್ರಚಿಕಿತ್ಸಕರು ತಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಇದೇ ಕಾರಣಕ್ಕೆ. ಹೊಟ್ಟೆನೋವು ಇಲ್ಲವೆಂಬುದು ಇಂಥವರಲ್ಲಿ ಹೊಟ್ಟೆ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗಲಾರದು.

ನಮ್ಮ ರಾಜ್ಯದಲ್ಲಿ ಈ ಎರಡು ಔಷಧಗಳು ಒಟ್ಟಿಗೆ ಸೇರುವ ದಾರಿಗಳು ಹಲವು, ಅವುಗಳಲ್ಲಿ ದೊಡ್ಡದು ಮಳೆಗಾಲದ ಜ್ವರ. 2006ರ ಚಿಕೂನ್‌ಗುನ್ಯಾ ಅಲೆಯಲ್ಲಿ ದೇಶದಾದ್ಯಂತ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವೇ ಆಗಿದ್ದವು. ಬೆಳಗ್ಗೆ ಎದ್ದರೆ ಕಾಲು ನೆಲಕ್ಕೆ ಊರಲಾಗದ, ಬೆರಳು ಮಡಚಲಾಗದ ಆ ನೋವನ್ನು ತಿಂಗಳುಗಟ್ಟಲೆ ಅನುಭವಿಸಿದ ಮನೆಗಳು ಊರೂರಲ್ಲೂ ಇದ್ದವು. ಕೂಲಿಗೆ ಹೋಗದಿದ್ದರೆ ಒಲೆ ಹತ್ತದ ಮನೆಯವರು "ಏನಾದರೂ ಮಾಡಿ, ನಾಳೆ ಏಳುವ ಹಾಗೆ ಮಾಡಿ" ಎಂದು ಕೇಳಿದರೆ ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ಬೇಡಿಕೆಗೆ ಸಿಗುತ್ತಿದ್ದ, ಇಂದಿಗೂ ಸಿಗುವ ಉತ್ತರ ಸೊಂಟಕ್ಕೆ ಒಂದು ಡೈಕ್ಲೋಫೆನಾಕ್ ಇಂಜೆಕ್ಷನ್, ಅದರ ಜೊತೆಗೆ ಒಂದು ಡೆಕ್ಸಾಮೆಥಾಸೋನ್, ಮನೆಗೆ ಐದು ದಿನದ ನೋವಿನ ಮಾತ್ರೆ. ರೋಗಿಗೆ ಅದು "ಎರಡು ಸೂಜಿ". ಯಾವುದರ ಸೂಜಿ ಎಂದು ಚೀಟಿಯಲ್ಲಿ ಎಷ್ಟೋ ಸಲ ಬರೆದೇ ಇರುವುದಿಲ್ಲ. 8 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಎಂದರೆ ಸುಮಾರು 50 ಮಿ.ಗ್ರಾಂ ಪ್ರೆಡ್ನಿಸೋಲೋನ್‌ಗೆ ಸಮ, ಅಂದರೆ 5 ಮಿ.ಗ್ರಾಂನ ಹತ್ತು ಮಾತ್ರೆ. ಅದರ ಪರಿಣಾಮ ಒಂದೂವರೆ ಎರಡು ದಿನ ಉಳಿಯುತ್ತದೆ. ಮರುದಿನ ಮೈ ಹಗುರವಾಗುವುದು ನಿಜ. ಅದಕ್ಕಾಗಿಯೇ ಜನ ಮೂರನೆಯ ದಿನ ಮತ್ತೆ ಅಲ್ಲಿಗೇ ಹೋಗುತ್ತಾರೆ.

ಇನ್ನೂ ಒಂದು ಅಪಾಯ ಇಲ್ಲಿ ಸೇರಿಕೊಳ್ಳುತ್ತದೆ. ಚಿಕೂನ್‌ಗುನ್ಯಾ ಮತ್ತು ಡೆಂಗಿ ಎರಡನ್ನೂ ಹರಡುವುದು ಈಡಿಸ್ ಸೊಳ್ಳೆ, ಮೊದಲ ಎರಡು ಮೂರು ದಿನಗಳಲ್ಲಿ ಎರಡೂ ಜ್ವರಗಳು ಒಂದೇ ರೀತಿ ಕಾಣುತ್ತವೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವ ಹೊತ್ತಿಗೆ ಹೊಟ್ಟೆಯ ಗೋಡೆ ಕೆಡಿಸುವ, ರಕ್ತ ಕಟ್ಟುವುದನ್ನೂ ತಡೆಯುವ ಮಾತ್ರೆ ಹೊಟ್ಟೆಯೊಳಗಿದ್ದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಸಿಟಮಾಲ್ ಮಾತ್ರ ಎಂಬ ನಿಯಮ ಇರುವುದು ಅದಕ್ಕೇ.

ಎರಡನೆಯ ದಾರಿ ಖಾಲಿ ಪಟ್ಟಿ ತೋರಿಸಿ ಮಾತ್ರೆ ತರುವುದು. ಪ್ರೆಡ್ನಿಸೋಲೋನ್ ಆಗಲಿ ಡೈಕ್ಲೋಫೆನಾಕ್ ಆಗಲಿ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಔಷಧಗಳು. ಆದರೆ ಔಷಧದಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿದರೆ ಈ ನಿಯಮದ ಗತಿ ತಿಳಿಯುತ್ತದೆ. ಮಾತ್ರೆಯ ಪಟ್ಟಿಯ ಮೇಲೆ ಸಾಮಾನ್ಯವಾಗಿ ಇರುವುದು ಇಂಗ್ಲಿಷ್, ಹಿಂದಿ ಅಕ್ಷರಗಳು. ಕನ್ನಡವೊಂದನ್ನೇ ಓದಬಲ್ಲವರಿಗೆ ಮಾತ್ರೆಯ ಬಣ್ಣ, ಆಕಾರಗಳೇ ಗುರುತು. ಮೂರನೆಯ ದಾರಿ ಎಲ್ಲಕ್ಕಿಂತ ಮರೆಯಾದದ್ದು: ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ, ಗಿಡಮೂಲಿಕೆ ಎಂದು ಹೇಳುವ ಪುಡಿಗಳು. ಇಂಥ ಪುಡಿಗಳನ್ನು ಪರೀಕ್ಷೆಗೆ ಒಳಪಡಿಸಿದಾಗ ಸ್ಟೀರಾಯ್ಡ್, ಕೆಲವೊಮ್ಮೆ ಡೈಕ್ಲೋಫೆನಾಕ್ ಕೂಡ ಬೆರೆಸಿದ್ದು ಮತ್ತೆ ಮತ್ತೆ ಸಿಕ್ಕಿದೆ. ಇದು ಆಯುರ್ವೇದದ ದೋಷವಲ್ಲ, ಅದರ ಹೆಸರಿನಲ್ಲಿ ನಡೆಯುವ ಮೋಸ. ವರ್ಷಗಳ ಮಂಡಿನೋವು ಎರಡೇ ದಿನದಲ್ಲಿ ಮಾಯವಾಗಿ, ಹಸಿವು ಹೆಚ್ಚಿ, ತಿಂಗಳೊಳಗೆ ಮುಖ ದುಂಡಗಾದರೆ ಆ ಪುಡಿಯಲ್ಲಿ ಬೇರೇನೋ ಇದೆ ಎಂದು ಅನುಮಾನಿಸಲೇಬೇಕು.

ಇಷ್ಟರ ನಡುವೆ ನಮ್ಮನ್ನು ಸಮಾಧಾನಪಡಿಸುವ ಕೆಲವು ನಂಬಿಕೆಗಳಿವೆ. ಊಟವಾದ ಮೇಲೆ ನುಂಗಿದರೆ ಏನೂ ಆಗುವುದಿಲ್ಲ ಎನ್ನುತ್ತಾರೆ. ಊಟ ಅಥವಾ ಹಾಲಿನಿಂದ ಎದೆಯುರಿ, ಹೊಟ್ಟೆ ತೊಳಸುವುದು ಕಡಿಮೆಯಾಗಬಹುದು, ಹುಣ್ಣು ತಪ್ಪುವುದಿಲ್ಲ. ಇಂಜೆಕ್ಷನ್ ಆದರೆ ಹೊಟ್ಟೆಗೆ ಹೋಗುವುದೇ ಇಲ್ಲವಲ್ಲ ಎನ್ನುತ್ತಾರೆ. ಪ್ರೋಸ್ಟಗ್ಲಾಂಡಿನ್ ತಡೆಯುವ ಕೆಲಸ ನಡೆಯುವುದು ರಕ್ತದ ಮೂಲಕ, ಆದ್ದರಿಂದ ಔಷಧ ಬಾಯಿಂದ ಹೋದರೂ ಸೊಂಟದಿಂದ ಹೋದರೂ ಜಠರದ ಕಾವಲು ಸಡಿಲವಾಗುತ್ತದೆ. ಮೇಲ್ಪದರ ಹಚ್ಚಿದ ಮಾತ್ರೆಗೂ ಇದೇ ಮಾತು. ಇದಕ್ಕೆ ಹೊರತಾದದ್ದು ಚರ್ಮಕ್ಕೆ ಹಚ್ಚುವ ಡೈಕ್ಲೋಫೆನಾಕ್ ಜೆಲ್: ಅದರಿಂದ ರಕ್ತಕ್ಕೆ ಸೇರುವ ಅಂಶ ಮಾತ್ರೆಗಿಂತ ತೀರ ಕಡಿಮೆ, ಮಂಡಿ, ಬೆರಳುಗಳ ನೋವಿಗೆ ಎಷ್ಟೋ ಜನರಿಗೆ ಅದು ಸಾಕಾಗುತ್ತದೆ. ಹಾಗೆಯೇ ಅಸ್ತಮಾದವರು ಎಳೆದುಕೊಳ್ಳುವ ಇನ್‌ಹೇಲರಿನ ಸ್ಟೀರಾಯ್ಡ್, ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮು ಈ ಲೇಖನದ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಓದಿ ಯಾರಾದರೂ ಇನ್‌ಹೇಲರ್ ಬಿಟ್ಟರೆ ಅದು ಇನ್ನೂ ದೊಡ್ಡ ಅನಾಹುತ.

"ಗ್ಯಾಸ್ಟ್ರಿಕ್ ಮಾತ್ರೆ"ಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮುಂತಾದ, ಆಮ್ಲ ಸ್ರವಿಸುವುದನ್ನೇ ತಗ್ಗಿಸುವ ಮಾತ್ರೆಗಳು ಇಂಥ ಹುಣ್ಣನ್ನು ನಿಜವಾಗಿಯೂ ಕಡಿಮೆ ಮಾಡುತ್ತವೆ. ಎರಡೂ ಔಷಧಗಳು ಬೇಕೇಬೇಕಾದವರಿಗೆ, ವಯಸ್ಸಾದವರಿಗೆ ವೈದ್ಯರು ಅದನ್ನು ಸೇರಿಸಿ ಬರೆಯುವುದು ಸರಿಯಾದ ಕ್ರಮ. ಆದರೆ ಅದನ್ನು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು, ನೋವಿನ ಮಾತ್ರೆ ನಡೆಯುವಷ್ಟು ದಿನವೂ ತೆಗೆದುಕೊಳ್ಳಬೇಕು. ಎದೆ ಉರಿದ ದಿನ ಮಾತ್ರ ನುಂಗಿದರೆ ರಕ್ಷಣೆ ಸಿಗುವುದಿಲ್ಲ. ಬಿಳಿಯ, ಗುಲಾಬಿ ಬಣ್ಣದ ಆಂಟಾಸಿಡ್ ದ್ರವ ಉರಿಯನ್ನು ತಣಿಸುತ್ತದೆ, ಹುಣ್ಣನ್ನು ತಡೆಯುವುದಿಲ್ಲ. ಇನ್ನೊಂದು ಮಿತಿಯೂ ಇದೆ: ಪ್ಯಾಂಟೊಪ್ರಜೋಲ್ ಕಾಯುವುದು ಜಠರವನ್ನು ಮತ್ತು ಸಣ್ಣ ಕರುಳಿನ ಮೊದಲ ಭಾಗವನ್ನು, ಅದರಿಂದ ಕೆಳಗಿನ ಕರುಳಿಗೆ ನೋವಿನ ಮಾತ್ರೆ ಮಾಡುವ ಹಾನಿಯನ್ನು ಅದು ತಡೆಯಲಾರದು. ಬರಿಯ ಸ್ಟೀರಾಯ್ಡ್ ತೆಗೆದುಕೊಳ್ಳುವ, ಬೇರಾವ ಅಪಾಯವೂ ಇಲ್ಲದ ಎಲ್ಲರಿಗೂ ಅದು ಬೇಕಾಗುವುದಿಲ್ಲ ಎಂಬುದೂ ಅಷ್ಟೇ ನಿಜ. 2014ರಲ್ಲಿ 159 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು, ಸ್ಟೀರಾಯ್ಡಿನಿಂದ ರಕ್ತಸ್ರಾವದ ಅಪಾಯ ಸುಮಾರು ಶೇ 40ರಷ್ಟು ಹೆಚ್ಚುವುದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿರುವ ರೋಗಿಗಳಲ್ಲಿ, ಮನೆಯಲ್ಲೇ ಇದ್ದು ಔಷಧ ತೆಗೆದುಕೊಳ್ಳುವವರಲ್ಲಿ ಅದು ತೀರ ಅಪರೂಪ ಎಂದು ಕಂಡುಕೊಂಡಿತು.

ಎಟೊರಿಕಾಕ್ಸಿಬ್, ಸೆಲೆಕಾಕ್ಸಿಬ್‌ಗಳಂಥ ಹೊಸ ಪೀಳಿಗೆಯ ಮಾತ್ರೆಗಳು ಜಠರಕ್ಕೆ ಸ್ವಲ್ಪ ಸೌಮ್ಯ, ಆದರೆ ಅಪಾಯವಿಲ್ಲದವಲ್ಲ. ಆಸ್ಪಿರಿನ್ ಜೊತೆಗಿದ್ದರೆ ಆ ಸೌಮ್ಯತೆಯೂ ಬಹುಪಾಲು ಹೋಗುತ್ತದೆ. ಅದೇ ಜಾತಿಯ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯದಿಂದಾಗಿ 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಹೋದದ್ದನ್ನು ಮರೆಯುವಂತಿಲ್ಲ. ನಮ್ಮ ದೇಶದಲ್ಲಿ ಬಹಳ ಮಂದಿಯ ಜಠರದಲ್ಲಿರುವ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ತಾನೇ ಹುಣ್ಣು ಮಾಡುವಂಥದು. ಹಿಂದೆ ಹುಣ್ಣಾಗಿದ್ದವರು ದೀರ್ಘಕಾಲ ನೋವಿನ ಮಾತ್ರೆ ತೆಗೆದುಕೊಳ್ಳಬೇಕಾಗಿದ್ದರೆ, ಮೊದಲೇ ಅದಕ್ಕೆ ಪರೀಕ್ಷೆ ಮಾಡಿಸಿ ಚಿಕಿತ್ಸೆ ಪಡೆಯುವುದು ಒಳ್ಳೆಯದು.

ಇದನ್ನೆಲ್ಲ ಓದಿದವರು ಮಾಡಬಾರದ ಕೆಲಸ ಒಂದಿದೆ: ಹೆದರಿ ಸ್ಟೀರಾಯ್ಡನ್ನು ತಾವಾಗಿಯೇ ನಿಲ್ಲಿಸುವುದು. ಕೆಲವು ವಾರ ಸ್ಟೀರಾಯ್ಡ್ ತೆಗೆದುಕೊಂಡ ದೇಹ ತನ್ನದೇ ಕಾರ್ಟಿಸಾಲ್ ತಯಾರಿಕೆಯನ್ನು ತಗ್ಗಿಸಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬಿಪಿ ಇಳಿದು, ಸುಸ್ತು, ವಾಂತಿಗಳಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಅದನ್ನು ಹಂತಹಂತವಾಗಿಯೇ ಇಳಿಸಬೇಕು, ವೈದ್ಯರೇ ಇಳಿಸಬೇಕು. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ನಿಗೂ ಇದೇ ಮಾತು. ಸಾಮಾನ್ಯವಾಗಿ ಕೈಬಿಡಬಹುದಾದದ್ದು, ಬದಲಿ ಇರುವಂಥದು ನೋವಿನ ಮಾತ್ರೆ. ಬಿಡಲಾಗದಿದ್ದರೆ ಅತಿ ಕಡಿಮೆ ಪ್ರಮಾಣ, ಅತಿ ಕಡಿಮೆ ದಿನ.

ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ ಅದು ಜಠರದಲ್ಲಿ ರಕ್ತ ಸುರಿದಿರುವ ಗುರುತು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದಕ್ಕೆ ಆ ಅಂಟು, ಆ ವಾಸನೆ ಇರುವುದಿಲ್ಲ. ವಾಂತಿಯಲ್ಲಿ ರಕ್ತವೋ ಕಾಫಿ ಚರಟದಂಥ ಕಣಗಳೋ ಕಂಡರೆ, ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದರೆ, ಹೊಟ್ಟೆಯಲ್ಲಿ ಒಮ್ಮೆಲೇ ಇರಿದಂತಾದರೆ ಬೆಳಗಾಗುವವರೆಗೆ ಕಾಯಬಾರದು, ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು, ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನೆಲ್ಲ ಜೊತೆಗೇ ಒಯ್ಯಬೇಕು. ವಯಸ್ಸಾದವರಲ್ಲಿ ಇದಾವುದೂ ಇಲ್ಲದೆ, ಮೆಟ್ಟಿಲು ಹತ್ತುವಾಗ ಏದುಸಿರು, ಮುಖ ಬಿಳಿಚಿಕೊಳ್ಳುವುದು ಇಷ್ಟರಿಂದಲೇ ಗೊತ್ತಾಗುವುದೂ ಉಂಟು, ಏಕೆಂದರೆ ರಕ್ತ ತೊಟ್ಟು ತೊಟ್ಟಾಗಿ ಹೋಗುತ್ತಿರುತ್ತದೆ.

ದೊಡ್ಡಮ್ಮನ ಚೀಲವನ್ನು ಆ ವಾರವೇ ಹಾಗೇ ಎತ್ತಿಕೊಂಡು ಕೀಲುರೋಗ ತಜ್ಞರ ಮೇಜಿನ ಮೇಲಿಟ್ಟೆವು. ಅವರು ಪ್ರೆಡ್ನಿಸೋಲೋನ್ ಮುಂದುವರಿಸಿದರು, ಆಸ್ಪಿರಿನ್ ಮುಟ್ಟಲಿಲ್ಲ, ಎಸಿಕ್ಲೋಫೆನಾಕ್‌ನ ಎರಡೂ ಪಟ್ಟಿಗಳನ್ನು ತೆಗೆದಿಟ್ಟು, ಬೆಳಗಿನ ಕಾಫಿ, ತಿಂಡಿಗೆ ಮೊದಲು ಪ್ಯಾಂಟೊಪ್ರಜೋಲ್ ಬರೆದರು, ಹಿಮೋಗ್ಲೋಬಿನ್ ನೋಡಿಸಲು ಹೇಳಿದರು. ಒಂದು ರಟ್ಟಿನ ತುಂಡಿನ ಮೇಲೆ "ಸ್ಟೀರಾಯ್ಡ್ ಮತ್ತು ಆಸ್ಪಿರಿನ್ ನಡೆಯುತ್ತಿದೆ, ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ" ಎಂದು ದಪ್ಪಕ್ಷರದಲ್ಲಿ ಬರೆದು ಚೀಲದೊಳಗೆ ಇಟ್ಟಿದ್ದೇವೆ. ಮೊನ್ನೆ ಸೊಂಟ ಹಿಡಿದಾಗ ಅವರು ಅಂಗಡಿಯವರಿಗೆ ಆ ರಟ್ಟು ತೋರಿಸುವುದನ್ನು ಮರೆತಿದ್ದರು. ಮನೆಗೆ ಬಂದ ಮೇಲೆ ನೆನಪಾಗಿ, ತಂದ ಪಟ್ಟಿಯ ಹಿಂಬದಿಯನ್ನು ಮೊಮ್ಮಗಳ ಕೈಲಿ ಓದಿಸಿ, ಡೈಕ್ಲೋಫೆನಾಕ್ ಎಂದು ಗೊತ್ತಾದ ಕೂಡಲೇ ಹಿಂದಕ್ಕೆ ಕಳಿಸಿ, ಬಿಸಿನೀರಿನ ಶಾಖ ಕೊಟ್ಟುಕೊಂಡು ಮಲಗಿದರಂತೆ.